ಎಂಟು ಹಾಳೆ, ಮೂರು ಲೆನ್ಸು

ಕಾರ್ತಿಕ ಮಾಸದ ಒಂದು ಸಂಜೆ ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಿಂದ ಫೋನು ಬಂತು. ಮಾತಾಡಿದವನು ಸೋದರಮಾವನ ಮಗ. "ಭಾವ, ಮನೆ ಇಳಿಸೋದು ಅಂತ ಆಗಿದೆ. ಕಂಬಕ್ಕೆ, ಬಾಗಿಲವಾಡಕ್ಕೆ ಗಿರಾಕಿ ಬಂದಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಹೆಂಚು ತೆಗೆಸ್ತೀವಿ. ಅಷ್ಟರೊಳಗೆ ಬಂದು ನಿಮ್ಮ ಆ ದೊಡ್ಡ ಕ್ಯಾಮೆರಾದಲ್ಲಿ ನಾಲ್ಕು ಫೋಟೋ ತೆಗೆದುಕೊಡಿ" ಅಂದ. ಬರ್ತೀನಿ ಅಂದೆ. ಫೋನಿಟ್ಟು ಫ್ರಿಜ್ಜಿನ ಬಾಗಿಲು ತೆಗೆದು ನೋಡಿದರೆ ಫಿಲ್ಮಿನ ಡಬ್ಬಿಯಲ್ಲಿ ಎಂಟೇ ಎಂಟು ಹಾಳೆ ಉಳಿದಿದ್ದವು. 4×5 ಇಂಚಿನ ಹಾಳೆ ಫಿಲ್ಮು ಪೇಟೆಯ ಅಂಗಡಿಯಲ್ಲಿ ಸಿಗುವ ವಸ್ತು ಅಲ್ಲ. ಹೊರದೇಶದಿಂದ ತರಿಸಬೇಕು, ದುಡ್ಡು ಕೂಡಿಸಬೇಕು, ಕಾಯಬೇಕು. ಸಂಕ್ರಾಂತಿಯೊಳಗೆ ಆಗುವ ಮಾತಲ್ಲ.

ಹಾಳೆ ಎಂಟು, ಲೆನ್ಸು ಮೂರು. ಆ ರಾತ್ರಿ ಊಟದ ಮೇಜಿನ ಮೇಲೆ ಹಳೆಯ ಪಂಚೆಯೊಂದನ್ನು ಮಡಿಸಿ ಹಾಸಿ ಮೂರನ್ನೂ ಸಾಲಾಗಿ ಇಟ್ಟುಕೊಂಡು ಕೂತೆ. ಡಿಜಿಟಲ್ ಕ್ಯಾಮೆರಾ ಆಗಿದ್ದರೆ ಮೂರರಲ್ಲೂ ನೂರು ನೂರು ತೆಗೆದು ಮನೆಗೆ ಬಂದು ಆರಿಸಬಹುದಿತ್ತು. ಇಲ್ಲಿ ಆರಿಸುವ ಕೆಲಸವೆಲ್ಲ ಮೊದಲೇ ಮುಗಿಯಬೇಕು. ಹಾಳೆ ಹಾಳೆಗೂ ಯಾವ ಲೆನ್ಸು ಎಂದು ಹೊರಡುವ ಮುಂಚೆಯೇ ತೀರ್ಮಾನಿಸಿಕೊಂಡರೆ ಅಲ್ಲಿ ಬೆಳಕಿನ ಜೊತೆ ಮಾತ್ರ ಏಗಿದರೆ ಸಾಕು.

ಮೊದಲನೆಯದು ಮಾವನ ಸ್ಟುಡಿಯೋದ ಹಿತ್ತಾಳೆ ಲೆನ್ಸು. ಕೈಗೆತ್ತಿಕೊಂಡರೆ ದೇವರ ಮನೆಯ ತಂಬಿಗೆ ಎತ್ತಿದಷ್ಟು ಭಾರ. ಮೇಲೆ ಕೆತ್ತಿದ್ದ ಹೆಸರು ಉಜ್ಜಿ ಉಜ್ಜಿ ಸವೆದುಹೋಗಿದೆ. ಎಂಟೂವರೆ ಇಂಚು ಫೋಕಲ್ ಲೆಂಗ್ತ್, ಎಫ್ 4ರ ಆಸುಪಾಸು. ಶಟರ್ ಇಲ್ಲ, ಮುಂದಕ್ಕೆ ಒಂದು ಚರ್ಮದ ಮುಚ್ಚಳ ಮಾತ್ರ. ಹಿಂಭಾಗ ಬಿಚ್ಚಿದರೆ ಎರಡು ಗಾಜು, ನಡುವೆ ತೆಳ್ಳನೆಯ ಉಂಗುರ. ಮುಂದೆ ಎರಡು ಗಾಜು ಅಂಟಿಕೊಂಡು ಕೂತಿವೆ. ಹೀಗಿದ್ದರೆ ಅದು ಪೆಟ್ಸ್‌ವಾಲ್ ರಚನೆ, ಹೆಸರು ಬೇಕಾಗಿಲ್ಲ. ಎರಡನೆಯದು ಕಾರ್ಲ್ ಝೈಸ್ ಜೇನಾದ ಟೆಸ್ಸಾರ್, 15 ಸೆಂಟಿಮೀಟರ್, ಎಫ್ 4.5. ಮೂರನೆಯದು ಬರ್ಲಿನ್ನಿನ ಗೋರ್ಜ್ ಕಂಪನಿಯ ಡಾಗೋರ್, ಅದೂ 15 ಸೆಂಟಿಮೀಟರೇ, ಆದರೆ ಎಫ್ 6.8. ಗೋರ್ಜ್ 1926ರಲ್ಲಿ ಝೈಸ್ ಇಕಾನ್‌ನೊಳಗೆ ಸೇರಿಹೋಯಿತು. ಅಂದರೆ ಈ ಗಾಜು ತಿಕ್ಕಿದ ಕೈಗಳು ಅದಕ್ಕೂ ಹಿಂದಿನವು.

ಹಳೆಯ ಲೆನ್ಸು ನೋಡಿದವರೆಲ್ಲ ಕೇಳುವುದು ಒಂದೇ: ಇದರಲ್ಲಿ ಯಾವುದು ಹೆಚ್ಚು ಶಾರ್ಪು? ನಾನೂ ಮೊದಮೊದಲು ಅದನ್ನೇ ಕೇಳುತ್ತಿದ್ದೆ. 35 ಮಿ.ಮೀ. ಫಿಲ್ಮಿನಲ್ಲಿ ಅದು ಸರಿಯಾದ ಪ್ರಶ್ನೆ. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ನೆಗೆಟಿವನ್ನು ಹತ್ತು ಹದಿನೈದು ಪಟ್ಟು ಹಿಗ್ಗಿಸುವಾಗ ಒಂದೊಂದು ಗೆರೆಯೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು-ಐದು ಇಂಚಿನ ಹಾಳೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಗೋಡೆಗೆ ಹಾಕುವಷ್ಟು ಚಿತ್ರವಾಗುತ್ತದೆ. ಅಷ್ಟಕ್ಕೆ ನೂರು ವರ್ಷದ ಹಿಂದಿನ ಒಳ್ಳೆಯ ಗಾಜು ಧಾರಾಳವಾಗಿ ಸಾಕು. ಹಾಗಾಗಿ ಈ ಕ್ಯಾಮೆರಾದಲ್ಲಿ ಪ್ರಶ್ನೆ ಬೇರೆ. ಲೆನ್ಸು ಎಷ್ಟು ಜಾಗಕ್ಕೆ ಬೆಳಕು ಚೆಲ್ಲುತ್ತದೆ? ಫೋಕಸ್ಸಿನಲ್ಲಿರುವ ಜಾಗದಿಂದ ಇಲ್ಲದ ಜಾಗಕ್ಕೆ ಹೇಗೆ ಇಳಿಯುತ್ತದೆ? ಮತ್ತೆ, ಇದನ್ನು ಲೆಕ್ಕ ಹಾಕಿದ ಮನುಷ್ಯ ಯಾವ ದೋಷವನ್ನು ತಿದ್ದಿ, ಯಾವುದನ್ನು ಇರಲಿ ಎಂದು ಬಿಟ್ಟ? ಎಲ್ಲ ದೋಷವನ್ನೂ ತಿದ್ದಿದ ಲೆನ್ಸು ಇಲ್ಲ. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ.

ಪೆಟ್ಸ್‌ವಾಲನ ಕಥೆಯನ್ನೇ ತೆಗೆದುಕೊಳ್ಳಿ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಫೋಟೋ ತೆಗೆಯುವ ತನ್ನ ಪದ್ಧತಿಯನ್ನು ಲೋಕಕ್ಕೆ ತಿಳಿಸಿದಾಗ ಇದ್ದ ಲೆನ್ಸಿನಲ್ಲಿ ಕಟ್ಟಡ ತೆಗೆಯಬಹುದಿತ್ತು. ಮನುಷ್ಯನ ಮುಖ ತೆಗೆಯುವುದು ಕಷ್ಟವಿತ್ತು. ನಿಮಿಷಗಟ್ಟಲೆ ಮಿಸುಕದೆ ಯಾರು ಕೂರುತ್ತಾರೆ? ವಿಯೆನ್ನಾದಲ್ಲಿ ಗಣಿತದ ಪ್ರೊಫೆಸರಾಗಿದ್ದ ಯೋಸೆಫ್ ಪೆಟ್ಸ್‌ವಾಲ್ ಅದನ್ನು ಬಿಡಿಸಲು ಕೂತ. ಲೆಕ್ಕ ಬಹಳ, ಕೈ ಒಂದು ಜೊತೆ. ಆಗ ಆರ್ಚ್‌ಡ್ಯೂಕ್ ಲುಡ್ವಿಗ್ ತನ್ನ ಫಿರಂಗಿ ದಳದಲ್ಲಿ ಗುಂಡಿನ ದಾರಿ ಲೆಕ್ಕ ಹಾಕುತ್ತಿದ್ದ ಸಿಪಾಯಿಗಳನ್ನು ಅವನ ಕೈಕೆಳಗೆ ಕಳಿಸಿಕೊಟ್ಟ. 1840ರಲ್ಲಿ ಲೆನ್ಸು ಸಿದ್ಧವಾಯಿತು; ಫೋಯ್ಗ್ಟ್‌ಲೆಂಡರ್ ಅದನ್ನು ತಯಾರಿಸಿದ. ಎಫ್ 3.6ರಷ್ಟು ದೊಡ್ಡ ಬಾಯಿ. ಮುಖದ ಚಿತ್ರ ಸೆಕೆಂಡುಗಳ ಮಾತಾಯಿತು, ಊರೂರಿಗೆ ಸ್ಟುಡಿಯೋ ಬಂತು. ಆಮೇಲೆ ಇಬ್ಬರಿಗೂ ಜಗಳವಾಗಿ ಮಾತು ಬಿಟ್ಟಿತು, 1859ರಲ್ಲಿ ಕಳ್ಳರು ನುಗ್ಗಿ ಪೆಟ್ಸ್‌ವಾಲನ ಕೈಬರಹದ ಲೆಕ್ಕಗಳೆಲ್ಲ ಹಾಳಾದವು. ಆ ಸಂಗತಿ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ.

ಅಷ್ಟು ಬೆಳಕು ಒಳಗೆ ಬಿಡುವುದಕ್ಕೆ ಅವನು ತೆತ್ತ ಬೆಲೆ ಅಂಚುಗಳು. ನಡುವೆ ಕತ್ತಿಯಂಥ ಗೆರೆ. ಅಂಚಿಗೆ ಹೋಗುತ್ತ ಹೋಗುತ್ತ ಚಿತ್ರದ ಮೈ ಬಟ್ಟಲಿನ ಹಾಗೆ ಬಾಗುತ್ತದೆ, ಹಿಂದಿನ ಎಲೆಗಳು ಸುಳಿಯ ನೀರಿನಂತೆ ಸುತ್ತುತ್ತವೆ. ಇವತ್ತು ಆ ಸುಳಿಗಾಗಿಯೇ ಜನ ಹೊಸದಾಗಿ ಪೆಟ್ಸ್‌ವಾಲ್ ಮಾಡಿಸಿ ಕೊಳ್ಳುತ್ತಾರೆ. ನನಗೆ ಅಷ್ಟು ಸುಳಿ ಹಿಡಿಸದು. ಮುಖವನ್ನು ಬಿಟ್ಟು ಕಣ್ಣು ಹಿಂದಿನ ಪೊದೆಗೆ ಹೋಗುತ್ತದೆ. ಮಾವನಿಗೂ ಹಿಡಿಸುತ್ತಿರಲಿಲ್ಲ. ಅವರ ಕೆಲಸವೆಲ್ಲ ಬೂದು ಬಣ್ಣದ ಪರದೆಯ ಮುಂದೆ. ಸುತ್ತಲು ಅಲ್ಲಿ ಎಲೆಯೇ ಇರಲಿಲ್ಲ.

ಮಾವನ ಸ್ಟುಡಿಯೋ ತೀರ್ಥಹಳ್ಳಿ ಪೇಟೆಯಲ್ಲಿ, ಒಂದು ಜವಳಿ ಅಂಗಡಿಯ ಮಹಡಿ ಮೇಲೆ ಇತ್ತು. ಉತ್ತರಕ್ಕೆ ಗಾಜಿನ ಹೆಂಚು. ಕ್ಯಾಮೆರಾ ವಾಗೀಶ್ವರಿ. ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಎಂಬವರು 1940ರ ದಶಕದಿಂದ ತೇಗದ ಮರ, ಹಿತ್ತಾಳೆ, ಚರ್ಮ ಸೇರಿಸಿ ಕೈಯಲ್ಲೇ ಕಟ್ಟುತ್ತಿದ್ದ ಫೀಲ್ಡ್ ಕ್ಯಾಮೆರಾ ಅದು. ಮದುವೆಯ ಜೋಡಿ, ನಾಮಕರಣದ ಮಗು, ನೌಕರಿಯ ಅರ್ಜಿಗೆ ಕೋಟು ತೊಟ್ಟ ಹುಡುಗ, ಎಲ್ಲರೂ ಆ ಹಿತ್ತಾಳೆಯ ಮುಂದೆ ಕೂತವರೇ. ಕರಿ ಬಟ್ಟೆಯೊಳಗೆ ನನ್ನನ್ನೂ ಎಳೆದುಕೊಂಡು ಮಾವ ಗ್ರೌಂಡ್ ಗ್ಲಾಸ್ ತೋರಿಸಿದ್ದು ನನಗೆ ಎಂಟು ವರ್ಷವಿದ್ದಾಗ. ಗಾಜಿನ ಮೇಲೆ ಅತ್ತೆ ತಲೆಕೆಳಗಾಗಿ ಕೂತಿದ್ದರು, ಬಣ್ಣ ಬಣ್ಣವಾಗಿ, ಉಸಿರಾಡುತ್ತ. ಫೋಟೋ ಎಂದರೆ ಕಪ್ಪು ಬಿಳುಪು ಎಂದು ತಿಳಿದಿದ್ದ ನನಗೆ ಆ ಬಣ್ಣ ಕಂಡು ಮೈ ಜುಮ್ಮೆಂದಿತ್ತು.

ಇನ್ನು ಉಳಿದೆರಡು. ಪೆಟ್ಸ್‌ವಾಲ್ ಆದ ಮೇಲೆ ಅರ್ಧ ಶತಮಾನ ಲೆನ್ಸು ಮಾಡುವವರ ಕೈಕಟ್ಟಿದ್ದು ಗಾಜೇ. ಬೇಕಾದ ಗುಣದ ಗಾಜು ಇರಲೇ ಇಲ್ಲ. 1884ರಲ್ಲಿ ಜೇನಾದಲ್ಲಿ ಆಟೋ ಶಾಟ್, ಅರ್ನ್ಸ್ಟ್ ಆಬೆ ಸೇರಿ ಗಾಜಿನ ಪ್ರಯೋಗಶಾಲೆ ತೆರೆದು ಬೇರಿಯಂ ಬೆರೆಸಿದ ಹೊಸ ಗಾಜುಗಳನ್ನು ಕೊಟ್ಟ ಮೇಲೆ ಬಾಗಿಲು ತೆರೆಯಿತು. ಹಾಳೆಯ ಮೂಲೆಮೂಲೆಗೂ ಅಡ್ಡಗೆರೆ, ಉದ್ದಗೆರೆ ಎರಡೂ ಒಟ್ಟಿಗೆ ನಿಲ್ಲುವ ಲೆನ್ಸು, ಅಂದರೆ ಅನಾಸ್ಟಿಗ್ಮ್ಯಾಟ್, ಆಗ ಸಾಧ್ಯವಾಯಿತು. 1892ರಲ್ಲಿ ಎಮಿಲ್ ಫಾನ್ ಹೋಯೆಗ್ ಮೂರು ಮೂರು ಗಾಜು ಅಂಟಿಸಿ, ಆ ಎರಡು ಗುಂಪನ್ನು ಕನ್ನಡಿಯಲ್ಲಿ ನೋಡಿದಂತೆ ಎದುರುಬದುರು ಕೂರಿಸಿದ. ಅದೇ ಗೋರ್ಜ್‌ನ ಡಬಲ್ ಅನಾಸ್ಟಿಗ್ಮ್ಯಾಟ್, ಮುಂದೆ ಡಾಗೋರ್ ಎಂದಾಯಿತು. ಹತ್ತು ವರ್ಷದ ಮೇಲೆ, 1902ರಲ್ಲಿ, ಝೈಸ್‌ನ ಪೌಲ್ ರುಡಾಲ್ಫ್ ನಾಲ್ಕೇ ಗಾಜಿನಲ್ಲಿ ಟೆಸ್ಸಾರ್ ಮಾಡಿದ. ಗ್ರೀಕಿನಲ್ಲಿ ನಾಲ್ಕಕ್ಕೆ ಇರುವ ಮಾತಿನಿಂದ ಆ ಹೆಸರು ಬಂತು. ಕ್ಯಾಮೆರಾದ ಹದ್ದಿನ ಕಣ್ಣು ಎಂದು ಝೈಸ್ ಅದಕ್ಕೆ ಜಾಹೀರಾತು ಕೊಟ್ಟಿತು. ಪೇಟೆಂಟ್ ಮುಗಿದ ಮೇಲೆ ಜಗತ್ತೆಲ್ಲ ಅದನ್ನು ನಕಲು ಮಾಡಿತು. ಶ್ನೈಡರ್‌ನ ಕ್ಸೆನಾರ್ ಅದೇ, ಎಷ್ಟೋ ಕೈ ಕ್ಯಾಮೆರಾಗಳ ಮುಂದಿದ್ದ ಗಾಜೂ ಅದೇ.

ಟೆಸ್ಸಾರ್ ಮತ್ತು ಡಾಗೋರ್, ಒಂದೇ ಫೋಕಲ್ ಲೆಂಗ್ತ್. ಎರಡನ್ನೂ ಮನೆಯ ಮಹಡಿ ಮೇಲೆ ಹೊತ್ತು ಎದುರಿನ ನುಗ್ಗೆ ಮರದ ಮೇಲೆ ನೋಡಿದೆ. ಫಿಲ್ಮು ಖರ್ಚು ಮಾಡಲಿಲ್ಲ. ಗ್ರೌಂಡ್ ಗ್ಲಾಸಿನ ಮೇಲೆ ಭೂತಗನ್ನಡಿ ಇಟ್ಟು ನೋಡಿದ್ದಷ್ಟೆ. ನೋಡುವ ಸುಖದಲ್ಲಿ ಟೆಸ್ಸಾರ್ ಗೆದ್ದಿತು. ಎಫ್ 4.5 ಎಂದರೆ 6.8ಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಬೆಳಕು. ನುಗ್ಗೆಯ ಸಣ್ಣ ಎಲೆಗಳು ಗಾಜಿನ ನಡುವೆ ಒಂದೊಂದಾಗಿ ಎಣಿಸುವ ಹಾಗೆ ನಿಂತವು. ಡಾಗೋರಿನಲ್ಲಿ ಅದೇ ಮರ ಮಬ್ಬು, ಮೂಲೆಗಳಂತೂ ಕತ್ತಲೆ.

ಆದರೆ ಅಜ್ಜನ ಹೆಂಚಿನ ಮನೆಯ ತೊಟ್ಟಿಯೊಳಗಿನ ಬೆಳಕು ನುಗ್ಗೆ ಮರದ ಮೇಲಿನ ಬೆಳಕಲ್ಲ. ಮೇಲೆ ಒಂದು ಚೌಕ ಆಕಾಶ ಉರಿಯುತ್ತದೆ, ಸುತ್ತಲ ಜಗುಲಿ ಬಾವಿಯಷ್ಟು ಕತ್ತಲು. ಕೋಟಿಂಗ್ ಇಲ್ಲದ ಹಳೆಯ ಗಾಜಿನಲ್ಲಿ, ಗಾಳಿಗೆ ತಾಗುವ ಒಂದೊಂದು ಮೈಯೂ ಬೆಳಕಿನ ನೂರು ಪಾಲಿನಲ್ಲಿ ನಾಲ್ಕೈದನ್ನು ವಾಪಸು ತಿರುಗಿಸುತ್ತದೆ. ಟೆಸ್ಸಾರ್‌ನಲ್ಲಿ ಅಂಥ ಮೈ ಆರು, ಡಾಗೋರ್‌ನಲ್ಲಿ ನಾಲ್ಕೇ. ಲೆಕ್ಕ ಹಾಕಿದರೆ ಒಂದರಲ್ಲಿ ನೂರಕ್ಕೆ ಇಪ್ಪತ್ತೆರಡು ಕಳೆದುಹೋಗುತ್ತದೆ, ಇನ್ನೊಂದರಲ್ಲಿ ಹದಿನೈದು. ಕಳೆದುಹೋದದ್ದು ಹಾಗೇ ಹೋದರೆ ಪರವಾಗಿಲ್ಲ. ಅದರಲ್ಲೊಂದು ಪಾಲು ಒಳಗೊಳಗೇ ಪುಟಿದು ನೆರಳಿನ ಮೇಲೆ ಹೊಗೆಯಂತೆ ಕೂರುತ್ತದೆ. ಸ್ವಾರಸ್ಯವೆಂದರೆ, ಹಳತಾಗಿ ಕಿಲುಬು ಹಿಡಿದಂತೆ ಬಣ್ಣ ತಿರುಗಿದ ಗಾಜು ಹೊಸ ಗಾಜಿಗಿಂತ ಹೆಚ್ಚು ಬೆಳಕು ಬಿಡುತ್ತದೆ ಎಂಬುದನ್ನು 1890ರ ದಶಕದಲ್ಲೇ ಇಂಗ್ಲೆಂಡಿನ ಡೆನಿಸ್ ಟೇಲರ್ ಕಂಡಿದ್ದ. ಕುಕ್ ಟ್ರಿಪ್ಲೆಟ್ ಮಾಡಿದವನು ಅವನೇ. ಅದನ್ನು ಬೇಕೆಂದೇ ಗಾಜಿಗೆ ಲೇಪಿಸುವ ದಾರಿ ಝೈಸ್‌ನಲ್ಲಿ ಸ್ಮಾಕುಲಾಗೆ ಸಿಕ್ಕಿದ್ದು 1935ರಲ್ಲಿ. ಆದ್ದರಿಂದ ಹಳೆಯ ಲೆನ್ಸಿನ ಮೇಲೆ ತಿಳಿನೀಲಿ, ನೇರಳೆ ಛಾಯೆ ಕಂಡರೆ ಪಾಲಿಶ್ ಹಚ್ಚಿ ಉಜ್ಜಲು ಹೋಗಬೇಡಿ. ಕಾಲವೇ ಹಚ್ಚಿದ ಲೇಪ ಅದು.

ಇಷ್ಟಾದರೂ ನನ್ನ ಮನಸ್ಸು ಟೆಸ್ಸಾರಿನ ಕಡೆಗೇ ವಾಲುತ್ತಿತ್ತು. ತೀರ್ಮಾನ ಮಾಡಿಸಿದ್ದು ಒಂದು ತುಂಡು ಕಾಗದದ ಮೇಲಿನ ಲೆಕ್ಕ.

ಲೆನ್ಸು ಚೆಲ್ಲುವ ಚಿತ್ರ ದುಂಡಗಿರುತ್ತದೆ, ಹಾಳೆಗೆ ನಾಲ್ಕು ಮೂಲೆ. ದುಂಡನೆಯ ಹರಿವಾಣದೊಳಗೆ ಪುಸ್ತಕ ಇಟ್ಟ ಹಾಗೆ. ಹರಿವಾಣ ಪುಸ್ತಕಕ್ಕೆ ಸರಿಯಾಗಿದ್ದರೆ ಪುಸ್ತಕ ಅಲ್ಲಾಡುವಂತಿಲ್ಲ. ಹರಿವಾಣ ದೊಡ್ಡದಿದ್ದರೆ ಮೇಲೆ ಕೆಳಗೆ, ಆಚೆ ಈಚೆ ಸರಿಸಬಹುದು. ಈ ಜಾತಿಯ ಕ್ಯಾಮೆರಾದ ಜೀವ ಇರುವುದೇ ಆ ಸರಿಸುವುದರಲ್ಲಿ. ಎತ್ತರದ ಮನೆಯನ್ನು ತೆಗೆಯಲು ಕ್ಯಾಮೆರಾವನ್ನು ಮೇಲಕ್ಕೆ ಓಲಿಸಿದರೆ ಕಂಬಗಳು ಮೇಲೆ ಹೋಗುತ್ತ ಒಂದಕ್ಕೊಂದು ವಾಲುತ್ತವೆ, ಮನೆ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಇಲ್ಲಿ ಕ್ಯಾಮೆರಾವನ್ನು ರಸಮಟ್ಟಕ್ಕೆ ನಿಲ್ಲಿಸಿ ಲೆನ್ಸಿನ ಹಲಗೆಯನ್ನು ಮಾತ್ರ ಮೇಲಕ್ಕೆ ಎತ್ತುತ್ತೇವೆ. ಕಂಬ ನೆಟ್ಟಗೆ ನಿಂತೇ ಇರುತ್ತದೆ, ಮಾಡು ಚಿತ್ರದೊಳಕ್ಕೆ ಬರುತ್ತದೆ. ಎಷ್ಟು ಎತ್ತಬಹುದು ಎಂಬುದನ್ನು ಹೇಳುವುದು ಹರಿವಾಣದ ಅಗಲ.

ಅಜ್ಜನ ಮನೆಯ ಮುಂದಿನ ಅಂಗಳ ನನಗೆ ಬಾಯಿಪಾಠ. ಅಂಗಳದ ತುದಿಗೆ ದರೆ, ದರೆಯ ಕೆಳಗೆ ಅಡಿಕೆ ತೋಟ. ಮನೆಯಿಂದ 50 ಅಡಿಗಿಂತ ಹಿಂದಕ್ಕೆ ಹೋದರೆ ತೋಟಕ್ಕೆ ಬೀಳಬೇಕು. ಮಾಡಿನ ನೆತ್ತಿ ನೆಲದಿಂದ 30 ಅಡಿ. ಕ್ಯಾಮೆರಾ 5 ಅಡಿ ಎತ್ತರದಲ್ಲಿ. ಉಳಿದದ್ದು 25 ಅಡಿ, ಅಂದರೆ ದೂರದ ಅರ್ಧ. ಹಾಗಾದರೆ ಹಾಳೆಯ ಮೇಲೆ ನೆತ್ತಿ ಬಂದು ಬೀಳುವುದು ಲೆನ್ಸಿನ ನಡುಗೆರೆಯಿಂದ 150ರ ಅರ್ಧ, 75 ಮಿಲಿಮೀಟರ್ ಆಚೆ. ಅಡ್ಡ ಹಿಡಿದ ಹಾಳೆಯ ಅರ್ಧ ಎತ್ತರ 48. ಹಲಗೆಯನ್ನು 27 ಮಿಲಿಮೀಟರ್ ಎತ್ತದೆ ಗತಿಯಿಲ್ಲ. ಟೆಸ್ಸಾರ್ ಸಣ್ಣ ಅಪರ್ಚರಿನಲ್ಲಿ ಕಾಣುವುದು ಸುಮಾರು 60 ಡಿಗ್ರಿ. 15 ಸೆಂಟಿಮೀಟರಿನದಕ್ಕೆ ಹರಿವಾಣ 17 ಸೆಂಟಿಮೀಟರ್ ಅಗಲ. ಅದರಲ್ಲಿ 15 ಮಿಲಿಮೀಟರ್ ಎತ್ತುವಷ್ಟರಲ್ಲಿ ಮೇಲಿನ ಮೂಲೆಗಳು ಮಂಕಾಗತೊಡಗುತ್ತವೆ. ಡಾಗೋರ್ ಎಫ್ 32ಕ್ಕೆ ಹೋದರೆ 75 ಡಿಗ್ರಿಯನ್ನು ನಿರಾಯಾಸವಾಗಿ ತುಂಬುತ್ತದೆ, 23 ಸೆಂಟಿಮೀಟರ್ ಹರಿವಾಣ. 50 ಮಿಲಿಮೀಟರ್ ಎತ್ತಿದರೂ ತಡೆಯುತ್ತದೆ. ಹದ್ದಿನ ಕಣ್ಣು ನಮ್ಮ ಅಜ್ಜನ ಮನೆಯ ನೆತ್ತಿಯನ್ನು ಕಾಣಲಾರದು. ಮಬ್ಬಾಗಿ ತೋರಿದ ಡಾಗೋರ್ ಕಾಣುತ್ತದೆ.

ಇದನ್ನು ಕಣ್ಣಿಂದಲೇ ಪರೀಕ್ಷಿಸುವ ಉಪಾಯವೂ ಇದೆ. ಗ್ರೌಂಡ್ ಗ್ಲಾಸಿನ ನಾಲ್ಕು ಮೂಲೆಯನ್ನು ಸ್ವಲ್ಪ ಕತ್ತರಿಸಿರುತ್ತಾರೆ. ಹಲಗೆ ಎತ್ತಿ, ಅಪರ್ಚರ್ ಸಣ್ಣದು ಮಾಡಿ, ಆ ಕತ್ತರಿಸಿದ ಸಂದಿಯಿಂದ ಲೆನ್ಸಿನ ಕಡೆ ನೋಡಬೇಕು. ಅಪರ್ಚರಿನ ತೂತು ಪೂರ್ತಿಯಾಗಿ ಕಂಡರೆ ಆ ಮೂಲೆಗೆ ಬೆಳಕು ಹೋಗುತ್ತದೆ. ಬೆಕ್ಕಿನ ಕಣ್ಣಿನಂತೆ ಚೂಪಾಗಿ ಕಂಡರೆ ಅಷ್ಟು ಬೆಳಕು ಕಮ್ಮಿ. ಏನೂ ಕಾಣದಿದ್ದರೆ ಹಾಳೆಯ ಮೂಲೆ ಕಪ್ಪು. ಮಾವ ಇದನ್ನು ಹೇಳಿಕೊಟ್ಟಿರಲಿಲ್ಲ. ಪರದೆಯ ಮುಂದೆ ಮುಖ ತೆಗೆಯುವವರಿಗೆ ಹಲಗೆ ಎತ್ತುವ ಪ್ರಸಂಗವೇ ಬರುವುದಿಲ್ಲ.

ಮನೆ ತೆಗೆಯಲು ಅಗಲದ ಲೆನ್ಸು ಬೇಕಲ್ಲವೇ, ಶ್ನೈಡರ್‌ನ 90 ಮಿಲಿಮೀಟರ್ ಆಂಗ್ಯುಲಾನ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಅದನ್ನು ತರಿಸಿಕೊಳ್ಳಬಾರದೇ ಎಂದು ಗೆಳೆಯರೊಬ್ಬರು ಅಂದರು. ಅಗಲದ ಲೆನ್ಸು ಹಾಕಿದರೆ ಹತ್ತಿರದ ಕಂಬ ದೈತ್ಯನಾಗುತ್ತದೆ, ಆಚೆಯ ಜಗುಲಿ ಮೈಲಿ ದೂರ ಓಡುತ್ತದೆ. ಆ ತೊಟ್ಟಿಯಲ್ಲಿ ಆಡಿ ಬೆಳೆದವನು ನಾನು. ಒಂದು ಜಗುಲಿಯಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಎಂದು ಕಾಲಿಗೆ ಗೊತ್ತು. ಆ ಹೆಜ್ಜೆಯ ಅಳತೆ ಚಿತ್ರದಲ್ಲಿ ಉಳಿಯಬೇಕು ಎಂಬುದು ನನ್ನ ಆಸೆ. ಪೂರ್ತಿ ತೊಟ್ಟಿ ಹಿಡಿಯದಿದ್ದರೂ ಚಿಂತೆಯಿಲ್ಲ.

ಹಳೆಯ ಲೆನ್ಸು ಕೊಳ್ಳುವ ಮಾತು ಬಂದದ್ದಕ್ಕೆ ಎರಡು ಮಾತು ಹೇಳಿಬಿಡುತ್ತೇನೆ. ನನ್ನ ಡಾಗೋರ್ ಗಾಜು ಸ್ವಚ್ಛವಾಗಿದೆ ಎಂಬ ಮಾತಿನ ಮೇಲೆ ದೂರದಿಂದ ಬಂದದ್ದು. ಬಿಚ್ಚಿ ನೋಡಿದರೆ ಹಿಂದಿನ ಗುಂಪಿನ ಅಂಚಿನಲ್ಲಿ ಚಂದ್ರನ ಕೊಂಬಿನಂತೆ ಬೆಳ್ಳಿಯ ಹೊಳಪು. ಗಾಜನ್ನು ಗಾಜಿಗೆ ಅಂಟಿಸುವುದು ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಿಂದ. ನೂರು ವರ್ಷದಲ್ಲಿ ಅದು ಒಣಗಿ ಅಂಚಿನಿಂದ ಬಿಡಲು ಶುರುಮಾಡುತ್ತದೆ. ಮನಸ್ಸಿಗೆ ಬಹಳ ನೋವಾಯಿತು. ಸಣ್ಣ ಅಪರ್ಚರಿಟ್ಟು ನೋಡಿದಾಗ ಚಿತ್ರಕ್ಕೆ ಅದರಿಂದ ತೊಂದರೆ ಕಾಣಲಿಲ್ಲ, ಇಟ್ಟುಕೊಂಡೆ. ಗಾಜಿನ ಮೇಲೆ ಒಂದೆರಡು ಗೀರು ಇದ್ದರೆ ಹೆದರಬೇಡಿ. ಇಡೀ ಮುಂಗಾಜು ಸಣ್ಣ ಸಣ್ಣ ಗೀರುಗಳಿಂದ ಮಂಕಾಗಿದ್ದರೆ, ಯಾರೋ ಪಂಚೆಯ ತುದಿಯಿಂದ ವರ್ಷಗಟ್ಟಲೆ ಒರೆಸಿದ್ದಾರೆ ಎಂದು ತಿಳಿದು ಕೈಬಿಡಿ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದಾಗ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಮಲೆನಾಡಿನ ಮಳೆಗಾಲ ಕಂಡ ಲೆನ್ಸುಗಳಿಗೆ ಅದೇ ದೊಡ್ಡ ಶತ್ರು. ಮಾವ ಹಿತ್ತಾಳೆ ಲೆನ್ಸನ್ನು ಜ್ಯೇಷ್ಠದಿಂದ ಭಾದ್ರಪದದವರೆಗೆ ಒಲೆಯ ಮೇಲಿನ ಅಟ್ಟದಲ್ಲಿ, ಹುರಿದ ಅಕ್ಕಿಯ ಡಬ್ಬಿಯೊಳಗೆ ಇಡುತ್ತಿದ್ದರು. ಇವತ್ತಿಗೂ ಅದರೊಳಗೆ ಒಂದೇ ಒಂದು ಎಳೆಯಿಲ್ಲ.

ಹಳೆಯ ಶಟರ್ ಒಂದು ಸೆಕೆಂಡ್ ಎಂದರೆ ಒಂದೂವರೆ ತೆಗೆದುಕೊಂಡೀತು. ಅದನ್ನು ಅಳೆದು ಚೀಟಿಯಲ್ಲಿ ಬರೆದು ಹಲಗೆಗೆ ಅಂಟಿಸಿಕೊಂಡರೆ ಆಯಿತು. ಪ್ರತಿ ಸಲವೂ ಅಷ್ಟೇ ತಪ್ಪು ಹೇಳುವ ಶಟರನ್ನು ನಂಬಬಹುದು.

ಮನೆ, ಕಲ್ಲು, ಕಂಬ ಎಂದಾಗ ನನಗೆ ನಮ್ಮ ನಾಡಿನ ಮೊದಮೊದಲ ದೊಡ್ಡ ನೆಗೆಟಿವ್‌ಗಳು ನೆನಪಾಗುತ್ತವೆ. 1854ರ ಡಿಸೆಂಬರಿನಲ್ಲಿ ಲಿನೇಯಸ್ ಟ್ರೈಪ್ ಎಂಬ ಸೈನ್ಯದ ಅಧಿಕಾರಿ ಬೇಲೂರು, ಹಳೇಬೀಡುಗಳನ್ನು ತೆಗೆದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ಮೇಣ ಹಚ್ಚಿದ ಕಾಗದವನ್ನೇ ನೆಗೆಟಿವ್ ಮಾಡಿಕೊಂಡು ಬಂಡೆ, ಮಂಟಪ, ಗೋಪುರ ಹಿಡಿದ. ಅನಾಸ್ಟಿಗ್ಮ್ಯಾಟ್ ಹುಟ್ಟಲು ಇನ್ನೂ ಮೂವತ್ತು ವರ್ಷಕ್ಕೆ ಮಿಗಿಲಿತ್ತು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವಾಗ ನನ್ನ ಕಣ್ಣು ಲೆನ್ಸಿನ ಗುಣ ಹುಡುಕುವುದನ್ನು ಮರೆತುಬಿಡುತ್ತದೆ. ಯಾವ ಗೋಡೆ ಬಿತ್ತು, ಯಾವ ಕಂಬ ಉಳಿಯಿತು ಎಂದು ಎಣಿಸುತ್ತಾ ಹೋಗುತ್ತೇನೆ. ನಮ್ಮ ಮನೆಯ ಜಾಗದಲ್ಲಿ ಮುಂದೆ ಯಾರಾದರೂ ನಿಂತು ಎಣಿಸುವಂತಾಗಬೇಕಾದರೆ ಮೂಲೆಮೂಲೆಯೂ ಹಾಳೆಯೊಳಗೆ ಇರಬೇಕು. ಅಷ್ಟಕ್ಕೇ ಡಾಗೋರ್.

ಮೊದಲೇ ಆರಿಸಿಟ್ಟುಕೊಳ್ಳುವುದರ ಬೆಲೆ ಏನೆಂಬುದಕ್ಕೆ ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್‌ನ ಹರ್ನಾಂಡೆಜ್ ಚಂದ್ರೋದಯ ಎಂಬ ಚಿತ್ರವನ್ನು ನೆನೆಯಬೇಕು. 1941ರಲ್ಲಿ ನ್ಯೂ ಮೆಕ್ಸಿಕೋದ ದಾರಿಯಲ್ಲಿ ಸಂಜೆ ಕಾರು ಓಡಿಸುತ್ತಿದ್ದವನಿಗೆ ಎಡಕ್ಕೆ ಪುಟ್ಟ ಊರು, ಇಗರ್ಜಿಯ ಬಳಿ ಹೊಳೆಯುವ ಶಿಲುಬೆಗಳು, ಮೇಲೆ ಚಂದ್ರ. ಕಾರು ನಿಲ್ಲಿಸಿ 8×10 ಕ್ಯಾಮೆರಾ ಹೂಡಿದ. ಬೆಳಕು ಅಳೆಯುವ ಮೀಟರ್ ಆ ಗಡಿಬಿಡಿಯಲ್ಲಿ ಕೈಗೆ ಸಿಗಲಿಲ್ಲ. ಚಂದ್ರನ ಬೆಳಕು ಇಷ್ಟೆಂದು ಬಾಯಿಪಾಠವಿದ್ದದ್ದರಿಂದ ಮನಸ್ಸಿನಲ್ಲೇ ಲೆಕ್ಕ ಹಾಕಿ ಎಫ್ 32, ಒಂದು ಸೆಕೆಂಡ್ ಕೊಟ್ಟ. ಲೆನ್ಸು ಕುಕ್ ಟ್ರಿಪಲ್ ಕನ್ವರ್ಟಿಬಲ್. ಪೂರ್ತಿ ಹಾಕಿದರೆ ಒಂದು ಫೋಕಲ್ ಲೆಂಗ್ತ್, ಅರ್ಧ ಬಿಚ್ಚಿದರೆ ಇನ್ನೊಂದು. ಅವನು ಬಳಸಿದ್ದು ಬಿಚ್ಚಿದ ಅರ್ಧವನ್ನು, 23 ಇಂಚಿನದನ್ನು. ಹಾಳೆ ಇಟ್ಟ ಹೋಲ್ಡರ್ ತಿರುಗಿಸಿ ಎರಡನೆಯದು ತೆಗೆಯೋಣ ಎನ್ನುವಷ್ಟರಲ್ಲಿ ಶಿಲುಬೆಯ ಮೇಲಿನ ಬಿಸಿಲು ಹೋಗಿತ್ತು. ಒಂದೇ ನೆಗೆಟಿವ್. ಅರ್ಧ ಲೆನ್ಸು ಸಾಕೋ ಸಾಲದೋ ಎಂದು ಅವನು ಅಲ್ಲಿ ನಿಂತು ಯೋಚಿಸಿದ್ದರೆ ಆ ಒಂದೂ ಇರುತ್ತಿರಲಿಲ್ಲ.

ನಾನು ಅಜ್ಜನ ಮನೆಗೆ ಹೋದದ್ದು ಮಾರ್ಗಶಿರದ ಮೊದಲ ವಾರ. ಬೆಳಿಗ್ಗೆ ಇಬ್ಬನಿ ಕರಗಿ, ಬಿಸಿಲು ಮಾಡಿನ ಹಿಂದೆಯೇ ಇರುವಾಗ ದರೆಯ ಅಂಚಿಗೆ ಸ್ಟ್ಯಾಂಡ್ ನಿಲ್ಲಿಸಿದೆ. ಡಾಗೋರಿಗೆ ಒಂದು ಚಾಳಿಯಿದೆ. ಪೂರ್ತಿ ತೆರೆದಾಗ ಹಿಡಿದ ಫೋಕಸ್ಸು ಅಪರ್ಚರ್ ಮುಚ್ಚಿದಾಗ ಒಂದು ಕೂದಲೆಳೆ ಜಾರುತ್ತದೆ. ಮೈಸೂರಿನಲ್ಲಿ ಮೊದಲ ಸಲ ಬಳಸಿದಾಗ ಇದು ಗೊತ್ತಿರದೆ ಎರಡು ಹಾಳೆ ಕಳೆದುಕೊಂಡಿದ್ದೆ. ಈ ಸಲ ಎಫ್ 22ಕ್ಕೆ ಇಳಿಸಿ, ಕರಿ ಬಟ್ಟೆಯೊಳಗೆ ಕತ್ತಲಿಗೆ ಕಣ್ಣು ಹೊಂದುವವರೆಗೆ ಕಾದು, ಆಮೇಲೆ ಮೂಲೆಹೆಂಚಿನ ಮೇಲೆ ಫೋಕಸ್ ಹಿಡಿದೆ. ಹಲಗೆ 27 ಎತ್ತಿದೆ, ಇನ್ನೊಂದೆರಡು ಸೇರಿಸಿದೆ. ನೆತ್ತಿಯ ಮೇಲೆ ಬೆರಳಗಲ ಆಕಾಶ ಬಂತು. ಎಫ್ 32, ಅರ್ಧ ಸೆಕೆಂಡ್. ಎರಡು ಹಾಳೆ. ತೊಟ್ಟಿಗೆ ಎರಡು, ಅದೂ ಡಾಗೋರಿನಲ್ಲೇ, ಕರಿ ಕಾಗದದ ಕೊಳವೆ ಮಾಡಿ ಮೇಲಿನ ಆಕಾಶ ಗಾಜಿಗೆ ತಾಗದಂತೆ ಮರೆಮಾಡಿ. ದೇವರ ಮನೆಯ ಬಾಗಿಲವಾಡದ ಬಳ್ಳಿ ಕೆತ್ತನೆಗೆ ಒಂದು, ಉಪ್ಪರಿಗೆಯ ಸವೆದ ಮೆಟ್ಟಿಲಿಗೆ ಒಂದು. ಇವೆರಡಕ್ಕೂ ಹಲಗೆ ಎತ್ತುವುದು ಬೇಕಿರಲಿಲ್ಲ, ಕತ್ತಲೆಯಲ್ಲಿ ಫೋಕಸ್ ಕಾಣುವುದೇ ಕಷ್ಟವಿತ್ತು, ಟೆಸ್ಸಾರ್ ಹಾಕಿದೆ. ಉಳಿಯು ಮರದೊಳಗೆ ಎಲ್ಲಿ ತಿರುಗಿತು ಎಂಬುದೂ ಆ ನೆಗೆಟಿವ್‌ನಲ್ಲಿ ಕಾಣುತ್ತದೆ.

ಉಳಿದದ್ದು ಎರಡು. ಅವನ್ನು ಅತ್ತೆಗೆಂದೇ ಎತ್ತಿಟ್ಟಿದ್ದೆ.

ಹಿತ್ತಾಳೆ ಲೆನ್ಸಿಗೆ ಬಡಗಿಯ ಹತ್ತಿರ ತೇಗದ ಹಲಗೆ ಮಾಡಿಸಿ ತಂದಿದ್ದೆ. ಅದನ್ನು ಪೆಟ್ಟಿಗೆಯಿಂದ ತೆಗೆಯುತ್ತಿದ್ದ ಹಾಗೆ ಅತ್ತೆ ಗುರುತು ಹಿಡಿದರು. "ಇದು ನಿಮ್ಮ ಮಾವಂದಲ್ಲನಾ?" ಅಂದರು. ಕೈಯಲ್ಲಿ ತೆಗೆದುಕೊಂಡು ಸೆರಗಿನಿಂದ ನಳಿಗೆಯನ್ನು ಒರೆಸಿ ವಾಪಸು ಕೊಟ್ಟರು, ಗಾಜು ಮುಟ್ಟಲಿಲ್ಲ. ಮುಟ್ಟಬಾರದೆಂದು ಅವರಿಗೆ ನನಗಿಂತ ಮುಂಚೆ ಗೊತ್ತು.

ಜಗುಲಿಯ ಕಿಟಕಿಯ ಪಕ್ಕ ಮಣೆ ಹಾಕಿ ಕೂರಿಸಿದೆ. ಎಫ್ 4ರಲ್ಲಿ ನೋಡಿದರೆ ಕಣ್ಣಿನ ರೆಪ್ಪೆ ಮಾತ್ರ ಫೋಕಸ್ಸಿನಲ್ಲಿ. ಕಿವಿಯ ಓಲೆ ಕರಗಿಹೋಗಿತ್ತು. ಕಲ್ಕತ್ತೆಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಮುಖಗಳನ್ನು ತೆಗೆದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಕೈಯಲ್ಲೂ ಇದೇ ಜಾತಿಯ ಲೆನ್ಸು ಇತ್ತು. ಫೋಕಸ್ ಮಾಡುತ್ತ ಮಾಡುತ್ತ ಚೆಲುವಾಗಿ ಕಂಡ ಕಡೆ ಆಕೆ ಕೈ ನಿಲ್ಲಿಸಿಬಿಡುತ್ತಿದ್ದಳು, ಇನ್ನೂ ಸ್ಪಷ್ಟ ಮಾಡಲು ಹೋಗುತ್ತಿರಲಿಲ್ಲ. ಆ ಚಿತ್ರಗಳು ನನಗೆ ಬಹಳ ಇಷ್ಟ. ಆದರೆ ಅತ್ತೆಯ ಎಂಬತ್ತು ವರ್ಷದ ಮುಖದ ಒಂದೊಂದು ಸುಕ್ಕೂ ನನಗೆ ಬೇಕಿತ್ತು, ಓಲೆಯೂ ಬೇಕಿತ್ತು. ನಳಿಗೆಯ ಮೇಲೆ ಒಂದು ಸೀಳಿದೆ. ತೂತು ಕೊರೆದ ತಗಡು ಇಳಿಸುವುದಕ್ಕೆ. 1858ರಲ್ಲಿ ಜಾನ್ ವಾಟರ್‌ಹೌಸ್ ಕಂಡುಹಿಡಿದ ಉಪಾಯ. ಮಾವನ ತಗಡುಗಳು ಎಂದೋ ಕಳೆದುಹೋಗಿದ್ದವು. ಕರಿ ರಟ್ಟಿನಲ್ಲಿ 27 ಮಿಲಿಮೀಟರ್ ತೂತು ಕೊರೆದು ತಂದಿದ್ದೆ, ಎಂಟೂವರೆ ಇಂಚಿಗೆ ಅದು ಎಫ್ 8. ಇಳಿಸಿದೆ. ಮುಖವೆಲ್ಲ ಒಟ್ಟಿಗೆ ಮೇಲೆದ್ದಿತು, ಓಲೆ ನಿಂತಿತು. ಸೆರಗಿನ ಅಂಚು, ಹಿಂದಿನ ಗೋಡೆ ಮಾತ್ರ ಮೆತ್ತಗೆ ಕರಗುತ್ತ ಉಳಿದವು.

"ಎರಡು ಸೆಕೆಂಡು ಅಲ್ಲಾಡಬಾರದು ಅತ್ತೆ" ಅಂದೆ.

"ಗೊತ್ತು ಮಾರಾಯ. ಉಸಿರು ಹಿಡ್ಕಬ್ಯಾಡ, ಉಸಿರು ಬಿಟ್ಟು ಕೂತ್ಕ ಅಂತಿದ್ರು ನಿಮ್ಮ ಮಾವ. ಹಿಡ್ಕಂಡ್ರೆ ಹೆಗಲು ಏರ್ತದೆ."

ಉಸಿರು ಬಿಟ್ಟರು. ಹೆಗಲು ಇಳಿಯಿತು. ಚರ್ಮದ ಮುಚ್ಚಳ ತೆಗೆದೆ. ಒಂದು, ಎರಡು. ಮುಚ್ಚಿದೆ.

"ಆಯ್ತು ಅತ್ತೆ."

ಅವರು ಏಳಲಿಲ್ಲ. ಕಣ್ಣು ಹಿತ್ತಾಳೆಯ ಮೇಲೇ ಇತ್ತು. "ಇನ್ನೊಂದು ತೆಗೀತಿದ್ರು ಅವ್ರು ಯಾವಾಗ್ಲೂ" ಅಂದರು.

ಕಿಟಕಿಯ ಬೆಳಕು ಹಾಗೇ ಇತ್ತು. ಹೋಲ್ಡರ್ ತಿರುಗಿಸಿ ಹಾಕಿದೆ.